ಎಡದಂಡೆ

ಹಲ್ಲು ಕಟ್ಟುವುದು ನನ್ನ ಕಸುಬು. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ತಿದ್ದಿ, ಸೆಟ್ಟು ತಯಾರು ಮಾಡಿ ಕೊಡುತ್ತೇನೆ. ದಿನಕ್ಕೆ ಎಂಟು ಗಂಟೆ ಊರಿನವರ ಬಾಯಿಗಳು ನನ್ನ ಮೇಜಿನ ಮೇಲೆ ಸಾಲಾಗಿ ಕೂತಿರುತ್ತವೆ, ಒಂದೂ ತುಟಿಪಿಟಕ್ಕೆನ್ನುವುದಿಲ್ಲ. ನಾನು ಮುಚ್ಚಿಸಬೇಕೆಂದುಕೊಂಡಿದ್ದ ಬಾಯಿ ಬೇರೆಯೇ ಇತ್ತು. ಅದು ವಕೀಲರದು. ಅದಕ್ಕಾಗಿ ಎರಡು ವರ್ಷ ಹಲ್ಲು ಕಚ್ಚಿಕೊಂಡು ಕಾದೆ.

ಎಲ್ಲ ಶುರುವಾದದ್ದು ಒಂದು ಯುದ್ಧದಿಂದ. ಯುದ್ಧ ಅಂದರೆ ಪ್ರಿಂಟಿಂಗ್ ಪ್ರೆಸ್ಸಿನ ಮಹಡಿಯ ಕೋಣೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ನಡೆಯುತ್ತಿದ್ದ ಯುದ್ಧ. ಎರಡು ಹಳೇ ಬಾಗಿಲು ಜೋಡಿಸಿ ಮಾಡಿದ ಉದ್ದನೆಯ ಮೇಜು, ಅದರ ಮೇಲೆ ಮರಳು, ಥರ್ಮೋಕೋಲಿನ ಗುಡ್ಡಗಳು, ನಡುವೆ ಗಾಜಿನ ಪಟ್ಟಿಯ ನದಿ. ಕಿರುಬೆರಳಿನ ಅರ್ಧದಷ್ಟು ಎತ್ತರದ ಸೀಸದ ಸೈನಿಕರು, ಒಬ್ಬೊಬ್ಬನಿಗೂ ಕೈಯಾರೆ ಹಚ್ಚಿದ ಬಣ್ಣ. ಅರವತ್ತು ವರ್ಷದ ಹಿಂದೆ ಗುಡ್ಡಗಾಡಿನ ಜಿಲ್ಲೆಗಳ ಮಸೂದೆ ಸಂಸತ್ತಿನಲ್ಲಿ ಒಂದೇ ಒಂದು ವೋಟಿನಿಂದ ಪಾಸಾಗಿ ದೇಶ ಉಳಿದುಕೊಂಡಿತು ಎಂದು ನಾವೆಲ್ಲ ಶಾಲೆಯಲ್ಲಿ ಉರು ಹೊಡೆದಿದ್ದೇವೆ. ನಮ್ಮ ಮೇಜಿನ ಮೇಲೆ ಮಾತ್ರ ಆ ಒಂದು ವೋಟು ಹಾಕಬೇಕಿದ್ದ ಸದಸ್ಯನಿಗೆ ರೈಲು ತಪ್ಪಿಹೋಯಿತು. ಮಸೂದೆ ಬಿತ್ತು, ಸೈನ್ಯ ಎರಡು ಹೋಳಾಯಿತು, ಗುಡ್ಡದವರಿಗೂ ಬಯಲಿನವರಿಗೂ ಅಂತರ್ಯುದ್ಧ ಹತ್ತಿಕೊಂಡಿತು. ಹನ್ನೊಂದು ವರ್ಷದಿಂದ ಅದು ಉರಿಯುತ್ತಲೇ ಇತ್ತು. ಈ ವಾರದ ಕಾದಾಟ ಎಲ್ಲಿಗೆ ನಿಂತಿತೋ ಮುಂದಿನ ವಾರ ಅಲ್ಲಿಂದಲೇ ಶುರು. ಸತ್ತ ಸೈನಿಕ ಸತ್ತ ಹಾಗೆಯೇ, ಮತ್ತೆ ಎದ್ದು ಬರುವಂತಿಲ್ಲ.

ಬಯಲಿನವರ ಸೇನಾಪತಿ ವಕೀಲರು. ಗುಡ್ಡದವರ ಸೇನಾಪತಿ ನನ್ನ ಮಾವ, ಅಮ್ಮನ ತಮ್ಮ, ಒಂಬತ್ತನೇ ವಯಸ್ಸಿನಿಂದ ನನ್ನನ್ನು ಸಾಕಿದವರು. ಪ್ರೆಸ್ಸಿನ ಯಜಮಾನರು ತೀರ್ಪುಗಾರರು.

ಮಾವನದು ಗಡಿಯಾರ ರಿಪೇರಿ ಅಂಗಡಿ. ನಿಂತೇ ಹೋದ ಗಡಿಯಾರ ತಂದವರು, ಅದು ಮತ್ತೆ ಟಿಕ್ ಅಂದಾಗ ಹೇಳುತ್ತಿದ್ದ ಮಾತು ಒಂದೇ: "ಏನು ಕೈಚಳಕ ಸ್ವಾಮಿ ನಿಮ್ಮದು!" ಆ ಮಾತು ಕೇಳಿದ ದಿನ ಮಾವ ಮನೆಗೆ ಬಂದು ಅತ್ತೆಯ ಮುಂದೆ ಸ್ವಲ್ಪ ಬೀಗುತ್ತಿದ್ದರು. ಅತ್ತೆ, "ಆ ಕೈಚಳಕದಲ್ಲಿ ಒಂದ್ಸಲ ನಮ್ಮನೆ ನಲ್ಲಿ ಸರಿ ಮಾಡಿ ನೋಡೋಣ" ಅನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಮಾವನ ಬಲಗೈ ಸಣ್ಣಗೆ ನಡುಗಲು ಶುರುವಾಯಿತು. ಅದು ಮನೆಯವರಿಗೆ ಮಾತ್ರ ಗೊತ್ತಿತ್ತು. ಒಂದು ಭಾನುವಾರ ಕುದುರೆ ದಂಡನ್ನು ದಿಬ್ಬದ ಅಂಚಿಗೆ ಇಡುವಾಗ ಕೈ ಅಲುಗಿ ಮೂರು ಕುದುರೆಗಳು ಅರ್ಧ ಇಂಚು ಮುಂದೆ ಜಾರಿದವು. ವಕೀಲರು ತಕ್ಷಣ ಅಳತೆಪಟ್ಟಿ ಎಳೆದರು. ಪಕ್ಕದಲ್ಲಿ ಆಟ ನೋಡಲು ಬಂದಿದ್ದ ನಾಲ್ಕು ಜನರ ಕಡೆ ತಿರುಗಿ, "ಗಡಿಯಾರದವರ ಕೈಚಳಕ ನೋಡಿ! ಕಣ್ಮುಚ್ಚಿ ಕಣ್ಬಿಡೋದ್ರಲ್ಲಿ ಅರ್ಧ ಇಂಚು ಹೊಡೆದ್ರು" ಅಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಇಪ್ಪತ್ತು ವರ್ಷ ಹೊಗಳಿಕೆಯಾಗಿ ಕೇಳಿದ ಮಾತೇ ಆವತ್ತು ಮೋಸಗಾರ ಅಂತ ಮುಖಕ್ಕೆ ಬಡಿಯಿತು. ಮಾವ ಕುದುರೆಗಳನ್ನು ಹಿಂದಕ್ಕೆ ಸರಿಸಿ, ಕೈಯನ್ನು ಜೇಬಿನಲ್ಲಿಟ್ಟುಕೊಂಡು ಎದ್ದು ಬಂದರು.

"ಆ ಮನುಷ್ಯ ಆ ಮಾತು ವಾಪಸ್ ತಗೊಳ್ಳೋವರೆಗೂ ನಾನು ಆ ಮೆಟ್ಟಿಲು ಹತ್ತಲ್ಲ" ಅಂದರು. ಹತ್ತಲಿಲ್ಲ. ಭಾನುವಾರ ಎಂಟಕ್ಕೆಲ್ಲ ಸ್ನಾನ ಮುಗಿಸಿ ಇಸ್ತ್ರಿ ಶರಟು ಹಾಕಿಕೊಂಡು ಕೂರುವುದು, ಹತ್ತು ಗಂಟೆಗೆ ಅದನ್ನು ಬಿಚ್ಚಿ ಗೂಟಕ್ಕೆ ಹಾಕಿ ಮಲಗುವುದು. ಅದನ್ನು ನೋಡಿ ನೋಡಿ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಮಾವನನ್ನು ಆ ಮೇಜಿಗೆ ವಾಪಸ್ ಕರೆತರಬೇಕು, ವಕೀಲರಿಗೆ ಮಣ್ಣು ಮುಕ್ಕಿಸಬೇಕು. ಯಾವುದು ಮೊದಲು ಅಂತ ನನ್ನನ್ನು ಯಾರೂ ಕೇಳಲಿಲ್ಲ, ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆ.

ಮಾವನ ಕುರ್ಚಿ ನನಗೆ ಬೇಕು ಎಂದು ಪ್ರೆಸ್ಸಿನವರಿಗೆ ಹೇಳಿದೆ. ಮಾವನಿಗೂ ಹೇಳಿದೆ. "ಹೋಗೋದಾದ್ರೆ ಹೋಗು. ಅಲ್ಲಿ ಏನಾಯ್ತು ಅಂತ ಮಾತ್ರ ನನ್ನ ಮುಂದೆ ಎತ್ತಬೇಡ" ಅಂದರು.

ಮೊದಲ ದಿನವೇ ವಕೀಲರು ಕನ್ನಡಕದ ಮೇಲಿಂದ ನೋಡಿ, "ಏನಮ್ಮಾ, ಮಾವನ ಕೈಚಳಕ ನಿಮಗೂ ಬಂದಿದೆಯೋ ಹೇಗೆ?" ಅಂದರು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಬಂದಿದೆ ಸಾರ್, ತೋರಿಸ್ತೀನಿ. ನಿಮ್ಮ ರಾಜಧಾನಿ ನನ್ನ ಕೈಗೆ ಬಂದ್ರೆ, ಅವತ್ತೇ ನಮ್ಮ ಮನೆಗೆ ಬಂದು ಮಾವನ ಮುಂದೆ ತಪ್ಪಾಯ್ತು ಅನ್ಬೇಕು. ಬರೀರಿ ಇಲ್ಲಿ" ಅಂದೆ.

"ರಾಜಧಾನೀನಾ? ಒಂಬತ್ತು ವರ್ಷದಿಂದ ಅದರ ಹತ್ರ ಒಂದು ಇಲೀನೂ ಸುಳಿದಿಲ್ಲ" ಎಂದು ನಗುತ್ತಲೇ ಆಟದ ಪುಸ್ತಕದಲ್ಲಿ ಬರೆದು ಸಹಿ ಹಾಕಿದರು.

ಆಮೇಲೆ ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅವರನ್ನು ನೋಡುತ್ತ ಕೂತೆ. ನಮ್ಮ ಆಟದಲ್ಲಿ ಆಜ್ಞೆಗಳನ್ನು ಚೀಟಿಯಲ್ಲಿ ಬರೆದು ತೀರ್ಪುಗಾರರಿಗೆ ಕೊಡಬೇಕು. ಬರೆದದ್ದೇ ಆಜ್ಞೆ, ಆಮೇಲೆ "ನಾನು ಹಾಗಂದಿಲ್ಲ, ಹೀಗಂದೆ" ಅನ್ನುವಂತಿಲ್ಲ. ಈ ನಿಯಮ ತಂದವರೇ ವಕೀಲರು. ಅವರು ಯಾವಾಗಲೂ ಕಿಟಕಿ ಕಡೆಯ ಕುರ್ಚಿಯಲ್ಲಿ ಕೂರುತ್ತಿದ್ದರು. ನಮ್ಮ ನದಿ ಕಿಟಕಿಯಿಂದ ಬಾಗಿಲ ಕಡೆಗೆ ಹರಿಯುತ್ತದೆ. ನದಿಯ ಎಡದಂಡೆ, ಬಲದಂಡೆ ಎನ್ನುವುದು ನೀರು ಹರಿಯುವ ದಿಕ್ಕಿಗೆ ಮುಖ ಮಾಡಿದವನ ಎಡ, ಬಲ. ಕಿಟಕಿ ಕಡೆ ಕೂತವರಿಗೆ ಏನೂ ತೊಂದರೆಯಿಲ್ಲ, ಅವರ ಎಡಗೈ ಕಡೆಯೇ ಎಡದಂಡೆ. ವಕೀಲರು ಚೀಟಿ ಬರೆಯುವಾಗ ನಕ್ಷೆ ನೋಡುತ್ತಿರಲಿಲ್ಲ. ಸುಮ್ಮನೆ ಎಡಗೈಯನ್ನು ಒಂದಿಷ್ಟು ಅಲ್ಲಾಡಿಸಿ 'ಎಡದಂಡೆ' ಎಂದು ಗೀಚುತ್ತಿದ್ದರು.

ಅದನ್ನು ಕಂಡ ದಿನ ನನಗೆ ನಗು ತಡೆಯಲಾಗಲಿಲ್ಲ. ಕಸುಬಿಗೆ ಹೊಸದಾಗಿ ಸೇರಿದಾಗ ಒಬ್ಬ ಮಹಾನುಭಾವರಿಗೆ ಎಡಗಡೆಯ ದವಡೆ ಹಲ್ಲನ್ನು ಬಲಗಡೆಗೆ ಕಟ್ಟಿಕೊಟ್ಟು ಬೈಸಿಕೊಂಡವಳು ನಾನು. ನಮ್ಮ ಕಸುಬಿನಲ್ಲಿ ಮೊದಲ ಪಾಠವೇ ಅದು: ಎದುರಿಗೆ ಕೂತವರ ಎಡ ನಮಗೆ ಬಲ. ಬಾಗಿಲ ಕಡೆ ಇದ್ದದ್ದು ವಕೀಲರ ರಾಜಧಾನಿ. ಯುದ್ಧ ಅಲ್ಲಿಗೆ ಹೋದರೆ, ಅದನ್ನು ಕಾಯುವವರು ಅದರ ಹಿಂದೆ, ಬಾಗಿಲ ಕಡೆಯ ಕುರ್ಚಿಯಲ್ಲೇ ಕೂರಬೇಕು. ಅಲ್ಲಿ ಕೂತರೆ ಅವರ ಎಡಗೈ ಕಡೆ ಬರುವುದು ಬಲದಂಡೆ. ಅಲ್ಲಿಗೆ ಅವರನ್ನು ಎಳೆದು ಕೂರಿಸಲು ನನಗೆ ಎರಡು ವರ್ಷ ಹಿಡಿಯಿತು.

ಕೊನೆಯ ಭಾನುವಾರ ವಕೀಲರು ಬಾಗಿಲಿಗೆ ಬೆನ್ನು ಹಾಕಿ ಕೂತರು. "ಈ ಕುರ್ಚಿ ಕಿರಕಿರ ಅನ್ನುತ್ತೆ" ಎಂದು ಗೊಣಗಿದರು. ನಾನು ಕಿಟಕಿ ಕಡೆ ಕೂತೆ. ರಾಜಧಾನಿ, ಅದರ ಸೇತುವೆ, ಅದನ್ನು ಕಾಯುವ ಅವರ ದೊಡ್ಡ ದಂಡು ಇದ್ದದ್ದು ಎಡದಂಡೆಯಲ್ಲಿ, ಅಂದರೆ ಈಗ ಅವರ ಬಲಗೈ ಕಡೆ. ಅವರ ಸಣ್ಣ ದಂಡು ಬಲದಂಡೆಯಲ್ಲಿತ್ತು, ಅವರ ಎಡಗೈ ಕಡೆ. ನಾನು ಇದ್ದಬದ್ದ ಫಿರಂಗಿಯನ್ನೆಲ್ಲ ಆ ಸಣ್ಣ ದಂಡಿನ ಮೇಲೆ ತಿರುಗಿಸಿದೆ. ಅರ್ಧ ಗಂಟೆಯಲ್ಲಿ ಅವರ ಹದಿನಾಲ್ಕು ಸೈನಿಕರು ಮೇಜಿನಿಂದ ಡಬ್ಬಿಗೆ ಹೋದರು. ದಾಳವೂ ನನ್ನ ಕಡೆಗಿತ್ತು. ವಕೀಲರ ಹಣೆಯಲ್ಲಿ ಬೆವರು ಕಂಡಿತು. ಉಳಿದವರನ್ನಾದರೂ ಉಳಿಸಿಕೊಳ್ಳೋಣ ಎಂದು ಗಡಿಬಿಡಿಯಲ್ಲಿ ಚೀಟಿ ಬರೆದರು. ಬರೆಯುವಾಗ ಎಡಗೈ ಅಲ್ಲಾಡಿತು.

ಪ್ರೆಸ್ಸಿನವರು ಚೀಟಿ ಬಿಡಿಸಿ ಓದಿದರು: "ಎಡದಂಡೆಯ ದಂಡು ಪೂರ್ತಿ ಹಿಂದಕ್ಕೆ, ಹೊಳೆ ಬಿಟ್ಟು ದೂರದ ದಿಬ್ಬಕ್ಕೆ." ಒಂದು ಕ್ಷಣ ವಕೀಲರ ಮುಖ ನೋಡಿದರು. ಆಮೇಲೆ ಸೇತುವೆ ಕಾಯುತ್ತಿದ್ದ ದೊಡ್ಡ ದಂಡನ್ನು ಒಂದೊಂದಾಗಿ ಎತ್ತಿ ದೂರದ ದಿಬ್ಬದ ಮೇಲೆ ಇಟ್ಟರು.

"ಏಯ್, ಏನ್ ಮಾಡ್ತಿದ್ದೀರಿ? ಆ ದಂಡಲ್ಲ! ಈ ಕಡೇದು, ಈ ಎಡಗಡೇದು!"

"ಅದು ಬಲದಂಡೆ ವಕೀಲ್ರೇ. ಬರೆದದ್ದೇ ಆಜ್ಞೆ."

ವಕೀಲರು ನದಿ ನೋಡಿದರು, ತಮ್ಮ ಎಡಗೈ ನೋಡಿಕೊಂಡರು. ಅಬ್ಬಾ, ಆ ಮುಖ! ಅದನ್ನು ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು ಮನೆಯಲ್ಲಿಟ್ಟುಕೊಳ್ಳಬೇಕು ಅನ್ನಿಸಿತು. ಸೇತುವೆ ಖಾಲಿ, ರಾಜಧಾನಿಯ ಬಾಗಿಲು ಹಾರು ಹೊಡೆದಿತ್ತು, ನನ್ನ ಕುದುರೆಗಳು ಎಂಟು ಇಂಚಿನ ದೂರದಲ್ಲಿದ್ದವು.

ಅವರು ಕನ್ನಡಕ ತೆಗೆದಿಟ್ಟು, ನಾನು ಹಿಂದೆಂದೂ ಕೇಳದ ದನಿಯಲ್ಲಿ ಮಾತಾಡಿದರು. "ನೋಡಮ್ಮಾ, ಗೆದ್ದಿದ್ದೀರಿ, ಒಪ್ಕೊಂಡೆ. ಈಗಲೇ ನಿಮ್ಮನೆಗೆ ಬರ್ತೀನಿ, ತಪ್ಪಾಯ್ತು ಅಂತೀನಿ. ರಾಜಧಾನಿ ಒಂದು ಬಿಟ್ಬಿಡಿ. ಸೇತುವೆ ಮೇಲೆ ನಿಲ್ಲಿಸಿ ಸಾಕು. ಕದನವಿರಾಮ ಅಂತ ಬರೆಯೋಣ."

ಪ್ರೆಸ್ಸಿನವರೂ ಬಾಯಿ ಹಾಕಿದರು. "ಹೌದಮ್ಮಾ, ಯೋಚನೆ ಮಾಡಿ. ರಾಜಧಾನಿ ಬಿದ್ರೆ ಯುದ್ಧಾನೇ ಮುಗೀತು, ಪುಸ್ತಕ ಮುಚ್ಚಬೇಕು. ಕಟಿಂಗ್ ಮಷಿನ್ ಇಡೋಕೆ ಈ ಕೋಣೆ ಬೇಕು ಅಂತ ನನ್ನ ತಮ್ಮ ಆರು ವರ್ಷದಿಂದ ಪ್ರಾಣ ತಿಂತಿದ್ದಾನೆ. ಯುದ್ಧ ಮುಗಿಯೋವರೆಗೂ ತಡಿ ಅಂತ ಹೇಳ್ಕೊಂಡೇ ಬಂದಿದ್ದೀನಿ."

ನನಗೆ ಬೇಕಾದ್ದು ಸಿಕ್ಕಿತ್ತು. ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ವಕೀಲರು ಗೋಗರೆಯುವುದನ್ನು ನೋಡಲು ಎಷ್ಟು ಹಿತವಾಗಿತ್ತು ಎಂದರೆ, ಇನ್ನೂ ಸ್ವಲ್ಪ ಬೇಕು ಅನ್ನಿಸಿತು. ಆ ಹೊತ್ತಿನಲ್ಲಿ ಮಾವನ ನೆನಪು ನನಗೆ ಬರಲೇ ಇಲ್ಲ. ಎರಡು ವರ್ಷ ಯಾರ ಹೆಸರು ಹೇಳಿಕೊಂಡು ಇಷ್ಟೆಲ್ಲ ಮಾಡಿದ್ದೆನೋ ಅವರೇ ನೆನಪಾಗಲಿಲ್ಲ.

"ಮುಗಿದ್ರೆ ಮುಗೀಲಿ" ಅಂದೆ. ಎಂಟು ಇಂಚು ಅಳೆದು, ಪ್ರೆಸ್ಸಿನವರಿಗೂ ಅಳೆಯಲು ಕೊಟ್ಟು, ಕುದುರೆಗಳನ್ನು ರಾಜಧಾನಿಯೊಳಗೆ ಇಟ್ಟೆ. ಸುಮ್ಮನಿರದೆ ಅವರ ಬಾವುಟವನ್ನು ನಾನೇ ಕಿತ್ತು ಅವರ ಮುಂದೆ ಮಲಗಿಸಿದೆ. ಪ್ರೆಸ್ಸಿನವರು ಪುಸ್ತಕದಲ್ಲಿ ದಿನಾಂಕ ಬರೆದು, ಅಡಿಯಲ್ಲಿ ಎರಡು ಗೆರೆ ಎಳೆದು ಮುಚ್ಚಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅಲ್ಲಿಂದ ಮೂವರೂ ನಡೆದೇ ಮನೆಗೆ ಬಂದೆವು. ಅತ್ತೆ ಬಾಗಿಲು ತೆರೆದು, ವಕೀಲರನ್ನು ನೋಡಿ, ಒಳಗೆ ಹೋಗಿ ಕುರ್ಚಿ ತಂದು ಹಾಕಿದರು. ವಕೀಲರು ಕೂರಲಿಲ್ಲ. "ಒಂದು ವೇಳೆ ನನ್ನ ಮಾತಿನಿಂದ ತಮಗೆ ಬೇಸರ ಆಗಿದ್ದಲ್ಲಿ..." ಎಂದು ಶುರು ಮಾಡಿದರು.

"ಒಂದು ವೇಳೆ ಗಿಂದುವೇಳೆ ಎಲ್ಲ ಕೋರ್ಟಲ್ಲಿ ಇಟ್ಕೊಳ್ಳಿ ಸಾರ್. ಮೊದಲಿಂದ ಹೇಳಿ" ಅಂದೆ.

ಅವರು ನನ್ನನ್ನು ನೋಡಲಿಲ್ಲ, ಮಾವನನ್ನೇ ನೋಡಿದರು. ಮಡಿಲಲ್ಲಿ ನಡುಗುತ್ತಿದ್ದ ಆ ಕೈಯನ್ನೂ ನೋಡಿದರು. "ಕೈ ಹೀಗಿದೆ ಅಂತ ನನಗೆ ಗೊತ್ತಿರಲಿಲ್ಲ. ನಾಲಿಗೆ ಹರಿಬಿಟ್ಟೆ. ನೀವು ಮೋಸ ಮಾಡಿಲ್ಲ. ತಪ್ಪಾಯ್ತು ಸ್ವಾಮಿ" ಅಂದರು.

ಮಾವನ ಮುಖ ಅರಳಿತು. ಎರಡು ವರ್ಷದಿಂದ ನಾನು ಕಾಣದ ನಗು ಅದು. "ಆಯ್ತು ಬಿಡಿ, ಬಿಡಿ, ಕೂತ್ಕೊಳ್ಳಿ. ಮುಂದಿನ ಭಾನುವಾರ ನಾನೇ ಬರ್ತೀನಿ. ಕೈ ಹೀಗಿದೆ ನೋಡಿ, ಬೊಂಬೆ ಎತ್ತಿಡೋಕೆ ಇವಳಿರ್ತಾಳೆ. ಈಗ ಎಲ್ಲಿಗೆ ನಿಂತಿದೆ? ಸೇತುವೆ ಯಾರ ಕೈಲಿದೆ?"

ಪ್ರೆಸ್ಸಿನವರು ನೆಲ ನೋಡತೊಡಗಿದರು.

"ಯಾಕೆ, ಯಾರೂ ಮಾತಾಡ್ತಿಲ್ಲ?"

ವಕೀಲರು ಹೇಳಿದರು. ಕೊಂಕಾಗಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ, ಮೆತ್ತಗೆ ಹೇಳಿದರು. "ಯುದ್ಧ ಮುಗೀತು ಸ್ವಾಮಿ. ನಿಮ್ಮ ಅಕ್ಕನ ಮಗಳು ರಾಜಧಾನಿ ತಗೊಂಡ್ರು. ಆ ಕೋಣೆಗೆ ಇನ್ನು ಕಟಿಂಗ್ ಮಷಿನ್ ಬರುತ್ತೆ."

"ರಾಜಧಾನಿ ಬಿತ್ತಾ?" ಮಾವ ನನ್ನ ಕಡೆ ತಿರುಗಲಿಲ್ಲ, ವಕೀಲರನ್ನೇ ಕೇಳಿದರು. "ನಾಲ್ಕು ಸಲ ನನ್ನ ಕೈಗೆ ಸಿಕ್ಕಿತ್ತು ಅದು. ಬೇಕಂತಲೇ ಬಿಟ್ಟಿದ್ದೆ."

"ಗೊತ್ತು. ನಾನೂ ನಿಮ್ಮ ಕಣಿವೇನ ಎರಡು ಸಲ ಬಿಟ್ಟಿದ್ದೀನಿ."

"ಮೂರು ಸಲ. ಆ ಚಳಿಗಾಲದ್ದೂ ಸೇರಿಸಿ."

"ಹೌದೌದು, ಮೂರು" ಎಂದು ವಕೀಲರು ಆ ಕುರ್ಚಿಯಲ್ಲಿ ಕೂತರು. ಇಬ್ಬರೂ ಹನ್ನೊಂದು ವರ್ಷದ ಗುಡ್ಡ, ಕಣಿವೆ, ಸೇತುವೆಗಳನ್ನು ಒಂದೊಂದಾಗಿ ನೆನೆಯತೊಡಗಿದರು, ಸತ್ತವರ ಮನೆಯಲ್ಲಿ ಮಾತಾಡುವ ಹಾಗೆ, ತಗ್ಗಿದ ದನಿಯಲ್ಲಿ. ಅತ್ತೆ ಮೂವರಿಗೂ ಚಹಾ ತಂದರು. ನಾನು ಬಾಗಿಲ ಬಳಿ ನಿಂತೇ ಇದ್ದೆ.

ಅವರು ಹೋದ ಮೇಲೆ ಮಾವ ಲೋಟಗಳನ್ನು ಒಂದು ಕಡೆ ಸೇರಿಸಿದರು. ಕೋಪ ಮಾಡಿಕೊಳ್ಳಲಿಲ್ಲ. "ಚೆನ್ನಾಗೇ ಆಡಿದ್ದೀಯ ಪುಟ್ಟಿ" ಅಂದರು. ಕೊನೆಯ ಲೋಟವನ್ನೂ ಪಕ್ಕಕ್ಕೆ ಸರಿಸಿ, "ಒಂದು ಮಾತು ನನ್ನನ್ನ ಕೇಳಬಾರದಿತ್ತಾ?" ಅಂದರು.

ಕೇಳಿರಲಿಲ್ಲ. ಆ ಎರಡು ವರ್ಷದಲ್ಲಿ, ಅವರಿಗೆ ಏನು ಬೇಕು ಎಂದು ನಾನು ಒಂದು ಸಲವೂ ಕೇಳಿರಲಿಲ್ಲ.