ಪಾತ್ರೆಗೊಂದು ಚಮಚ

ಹ್ಯಾಸ್ಲಮ್ ಅಜ್ಜಿಯ ಮನೆ ಬಾಗಿಲು ತಟ್ಟುವ ಮೊದಲೇ ಮಗುವಿನ ಅಳು ಬೀದಿಗೆ ಕೇಳುತ್ತಿತ್ತು. ಆ ವಾರ ಅದು ನನ್ನ ಮೂರನೇ ಭೇಟಿ. ೧೯೭೧ರ ಫೆಬ್ರವರಿ. ಲ್ಯಾಂಕಷೈರಿನ ನಮ್ಮ ಗಿರಣಿ ಊರಿನಲ್ಲಿ ಹೊಸ ಬಾಣಂತಿಯರ ಮನೆಮನೆಗೆ ಹೋಗಿ ಮಗುವನ್ನು ತೂಗಿ, ತಾಯಿಗೆ ಬುದ್ಧಿ ಹೇಳಿ ಬರುವುದು ನಗರಸಭೆ ನನಗೆ ಕೊಟ್ಟ ಕೆಲಸ. ತೂಗುವುದೇನೋ ಸುಲಭ. ಬುದ್ಧಿ ಹೇಳಿ ಹೇಳಿ ನನ್ನ ಗಂಟಲು ಹರಿದಿತ್ತು.

"ಬಂದ್ರಾ ನರ್ಸಮ್ಮ? ನಿಮ್ಮ ತಕ್ಕಡಿ ಕಂಡಾದ್ರೂ ಇವನು ಬಾಯಿ ಮುಚ್ತಾನೇನೋ ನೋಡೋಣ," ಅಂದರು ಅಜ್ಜಿ.

ಇವನು ಅಂದರೆ ಕ್ರೇಗ್, ಹುಟ್ಟಿ ಮೂರು ವಾರ. ತಾಯಿ ಬೆರಿಲ್, ಅಜ್ಜಿಯ ಕೊನೇ ಮಗಳು, ಹತ್ತೊಂಬತ್ತರ ಹುಡುಗಿ. ನಿದ್ದೆಗೆಟ್ಟು ಕುರ್ಚಿಯಲ್ಲಿ ಕುಸಿದಿದ್ದಳು. ಮಗು ಕುಡಿಯುತ್ತಿದ್ದದ್ದು ಡಬ್ಬಿ ಹಾಲು. ಆಗ ಊರಿಗೆ ಊರೇ ಅದನ್ನು ಕುಡಿಸುತ್ತಿತ್ತು.

ತೂಗಿದೆ. ತೂಕ ಚೆನ್ನಾಗಿಯೇ ಏರಿತ್ತು, ಕೆನ್ನೆ ತುಂಬಿಕೊಂಡಿತ್ತು. ಆದರೆ ಮೈ ಬಿಸಿ, ತುಟಿ ಒಣಗಿದೆ, ಅಳುವಿನಲ್ಲಿ ಕೀರಲು. ಮುಟ್ಟಿದರೆ ಬೆಚ್ಚಿಬೀಳುತ್ತಿದ್ದ.

"ಬೆಳಿಗ್ಗೆಯಿಂದ ಎಷ್ಟು ಲಂಗೋಟಿ ಒದ್ದೆಯಾಯ್ತು ಬೆರಿಲ್?"

"ಒಂದೇ. ಅದೂ ಪೂರ್ತಿ ಇಲ್ಲ."

"ಸೋಮವಾರವೇ ಹೇಳಿದ್ನಲ್ಲ, ಮಧ್ಯೆ ಮಧ್ಯೆ ಕಾಯಿಸಿ ಆರಿಸಿದ ನೀರು ಕೊಡಿ ಅಂತ!"

"ನೀರಲ್ಲಿ ಏನಿದೆ ಮಣ್ಣು?" ಅಜ್ಜಿ ನಡುವೆ ಬಾಯಿ ಹಾಕಿದರು. "ಮಗು ಹಸಿದು ಅಳ್ತಾ ಇದೆ, ನೀರು ಕುಡಿಸ್ಬೇಕಂತೆ. ನಾಲ್ಕು ಮಕ್ಕಳನ್ನ ಸಾಕಿದೋಳು ನಾನು. ನೀವೆಷ್ಟು ಸಾಕಿದ್ದೀರಿ, ನರ್ಸಮ್ಮ?"

ಮದುವೆಯಾಗದ ನನ್ನ ಹತ್ತಿರ ಈ ಪ್ರಶ್ನೆಗೆ ಉತ್ತರವಿಲ್ಲ ಅಂತ ಇಡೀ ಬೀದಿಗೆ ಗೊತ್ತು. ಹಿಂದಿನ ದಿನ ಡಾಕ್ಟರಿಗೆ ಫೋನ್ ಮಾಡಿದ್ದೆ. "ತೂಕ ಏರ್ತಾ ಇದೆ ತಾನೇ? ಮತ್ತೇನಮ್ಮ ನಿನ್ನ ಗೋಳು?" ಅಂದು ಇಟ್ಟುಬಿಟ್ಟಿದ್ದರು. ಅವರಿಗೆ ತೂಕ ಸಾಕು, ಅಜ್ಜಿಗೆ ಕೆನ್ನೆ ಸಾಕು. ಒದ್ದೆಯಾಗದ ಲಂಗೋಟಿಯ ಚಿಂತೆ ನನ್ನೊಬ್ಬಳ ತಲೆಗೆ.

"ಹಾಲು ಡಬ್ಬಿ ಮೇಲೆ ಬರೆದ ಹಾಗೇ ಕಲೆಸ್ತೀರಿ ತಾನೇ?"

"ಹೂಂ ಮತ್ತೆ, ನಮಗೇನು ಓದೋಕೆ ಬರಲ್ವಾ?"

ಅಜ್ಜಿ ಟೀ ಮಾಡಲು ಎದ್ದರು. ಎಷ್ಟೇ ಜಗಳವಿರಲಿ, ನಮ್ಮ ಕಡೆ ಬಂದವರಿಗೆ ಟೀ ತಪ್ಪದು. "ನಿಮಗೊಂದು, ಅವಳಿಗೊಂದು, ನನಗೊಂದು, ಪಾತ್ರೆಗೊಂದು," ಅನ್ನುತ್ತ ನಾಲ್ಕು ಚಮಚ ಸೊಪ್ಪು ಹಾಕಿದರು. ನನ್ನಮ್ಮನೂ ಹಾಗೇ ಹಾಕುತ್ತಿದ್ದಳು, ನಾನೂ ಹಾಗೇ ಹಾಕುತ್ತೇನೆ.

ಟೀ ಇಳಿಯುವಷ್ಟರಲ್ಲಿ ಬಾಟಲಿ ಕಲೆಸೋಣವೆಂದು ಹಾಲಿನ ಡಬ್ಬಿ ತೆಗೆದರು. ನಾಲ್ಕು ಔನ್ಸ್ ನೀರು. ಒಂದು ಚಮಚ ಪುಡಿ, ಹೆಬ್ಬೆರಳಿನಿಂದ ಒತ್ತಿ, ಮೇಲೆ ಗೋಪುರ ಕಟ್ಟಿ. ಹಾಗೇ ಎರಡು, ಮೂರು, ನಾಲ್ಕು. ಔನ್ಸಿಗೆ ಒಂದು ಮಟ್ಟಸ ಚಮಚದ ಲೆಕ್ಕದಲ್ಲಿ ನಾಲ್ಕಕ್ಕೆ ನಿಲ್ಲಿಸಬೇಕಿತ್ತು. ಐದನೆಯದೂ ಬಿತ್ತು.

"ಅದ್ಯಾಕೆ ಅಜ್ಜಿ ಐದನೇದು?"

"ಬಾಟಲಿಗೆ," ಅಂದರು, ಇದೂ ಒಂದು ಕೇಳುವ ಮಾತೇ ಅನ್ನುವ ಹಾಗೆ.

ಹಾಲಿನ ಪುಡಿಯಲ್ಲಿ ಉಪ್ಪಿರುತ್ತದೆ. ನಮ್ಮ ಮೂತ್ರಪಿಂಡಗಳು ಉಪ್ಪನ್ನು ಕೊಂಚ ನೀರಿನಲ್ಲೇ ಹೊರಗೆ ತಳ್ಳುತ್ತವೆ. ಎಳೆಗೂಸಿನವಕ್ಕೆ ಆ ಕೆಲಸ ಇನ್ನೂ ಕೈಗೆ ಹತ್ತಿರುವುದಿಲ್ಲ, ನೀರು ಧಾರಾಳವಾಗಿ ಬೇಕು. ಇಲ್ಲದಿದ್ದರೆ ಉಪ್ಪು ರಕ್ತದಲ್ಲೇ ಉಳಿಯುತ್ತದೆ, ಮಗು ಬಾಯಾರಿ ಅಳುತ್ತದೆ. ಅಳುವ ಬಾಯಿಗೆ ಇವರು ಮತ್ತೆ ಅದೇ ಗಟ್ಟಿ ಹಾಲು ತುರುಕುತ್ತಿದ್ದರು. ಹೊಟ್ಟೆಗೆ ಕೊಡದೆ ಮಗುವನ್ನು ಕೊಂದವರನ್ನು ಬೈಯಬಹುದು, ಮುದ್ದು ಮಾಡಿ ಕೊಲ್ಲುವವರಿಗೆ ಏನು ಹೇಳುವುದು?

ಆದರೂ ಹೇಳಿಬಿಟ್ಟೆ. "ಉಪ್ಪು ತಿನ್ನಿಸಿ ಸಾಯಿಸ್ತಾ ಇದ್ದೀರಲ್ರೀ ಮಗೂನ!" ಬೆರಿಲ್ ಎದುರಿಗೇ ಕೂಗಿದೆ. ಅವಳು ತಾಯಿಯನ್ನು ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದೆ. ಅಷ್ಟರಲ್ಲಿ ಕ್ರೇಗ್‌ನ ಎಡಗೈ ತಾನಾಗಿ ಅದುರತೊಡಗಿತು. ಬೀದಿ ತುದಿಯ ಫೋನಿಗೆ ಓಡಿದೆ.

ಆಸ್ಪತ್ರೆಯಲ್ಲಿ ಮಗುವನ್ನು ಗಾಜಿನಾಚೆ ಮಲಗಿಸಿದರು. ಬದುಕುತ್ತಾನೋ ಇಲ್ಲವೋ ಎರಡು ದಿನ ಹೇಳಲಾಗದು ಅಂದರು. ಉಪ್ಪನ್ನು ನಿಧಾನವಾಗಿ ಇಳಿಸಬೇಕು, ಒಮ್ಮೆಲೇ ನೀರು ಕೊಟ್ಟರೆ ಮಿದುಳು ಊದಿಕೊಳ್ಳುತ್ತದೆ. ಮರುದಿನ ನೋಡಿದರೆ ಅಜ್ಜಿ ಕೈಚೀಲದಲ್ಲಿ ಕಾಯಿಸಿದ ನೀರಿನ ಬಾಟಲಿ ತಂದಿದ್ದಾರೆ! ಕಿತ್ತುಕೊಂಡೆ.

"ಬಾಯಾರಿಕೆ ಅಂದೋರೂ ನೀವೇ, ನೀರು ಬೇಡ ಅನ್ನೋರೂ ನೀವೇ," ಅಜ್ಜಿಯ ದನಿ ಒಡೆಯಿತು. "ಯಾವ್ದಾದ್ರೂ ಒಂದು ಮಾತಿಗೆ ನಿಲ್ರಿ!"

ವಿವರಿಸುವ ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ.

ಮೂರನೇ ದಿನ ಮಧ್ಯಾಹ್ನ ಒಳಗಿನ ನರ್ಸ್ ಲಂಗೋಟಿಯೊಂದನ್ನು ಗಾಜಿನ ಹತ್ತಿರ ತಂದು ಎತ್ತಿ ತೋರಿಸಿದಳು. ತೊಯ್ದು ತೊಪ್ಪೆಯಾಗಿತ್ತು. ಬೆರಿಲ್ ಅಳುತ್ತಲೇ ನಕ್ಕಳು, ನನ್ನನ್ನು ಅಪ್ಪಿಕೊಂಡಳು. ತಾಯಿಯ ಕಡೆ ತಿರುಗಲಿಲ್ಲ. ಡಾಕ್ಟರ್ ಕರೆದರೆಂದು ಒಳಗೆ ಹೋದಳು.

ಬೆಂಚಿನ ಮೇಲೆ ಅಜ್ಜಿ, ನಾನು ಇಬ್ಬರೇ. ಗೆದ್ದೆನೆಂಬ ಜಂಬ ನನ್ನಲ್ಲಿತ್ತು, ಸುಳ್ಳೇಕೆ.

"ಬೆರಿಲ್‌ಗಿಂತ ಮುಂಚೆ ಇನ್ನೊಬ್ಬನಿದ್ದ," ಅಂದರು ಅಜ್ಜಿ. "ವಿಲ್ಫ್ರೆಡ್. ಇಪ್ಪತ್ತಾರು ದಿನ. ಅತ್ತೂ ಅತ್ತೂ, ಕೈಕಾಲು ಅದುರಿ ಹೋದ. ಸೆಳವು ಅಂದ್ರು ಡಾಕ್ಟ್ರು. ಅವನದೂ ಡಬ್ಬಿ ಹಾಲೇ. ರೇಷನ್ ಕಾಲ, ಸೊರಗಬಾರದು ಅಂತ ಎರಡು ಚಮಚ ಜಾಸ್ತಿ ಹಾಕ್ತಿದ್ದೆ."

ನನ್ನ ಸಿಟ್ಟಿಗೆ ಆಗ ನಿಲ್ಲಲು ನೆಲವೇ ಇಲ್ಲದಾಯಿತು.

"ಆಗಿನ ಪುಡಿ ಬೇರೆ ಥರ ಅಜ್ಜಿ," ಅಂದೆ, ಅವರ ಮುಖ ನೋಡದೆ. "ಅದರಲ್ಲಿ ಇಷ್ಟೊಂದು ಉಪ್ಪು ಇರ್ಲಿಲ್ಲ."

ಅಜ್ಜಿ ನನ್ನ ಕಡೆ ತಿರುಗಿದರು.

"ಆಗಿನದ್ರಲ್ಲೇ ಉಪ್ಪು ಜಾಸ್ತಿ ಇತ್ತು, ಅಲ್ವಾ?" ಅಂದರು.