ಸುಂಕದವರ ಮನೆಯವಳು

ರೂವಾನ್ ವಿಸ್ಕಿ ಭಟ್ಟಿಯಲ್ಲಿ ನನ್ನನ್ನು ಯಾರೂ ಎಫಿ ಎಂದು ಕರೆಯುವುದಿಲ್ಲ, ಸುಂಕದವಳು ಎನ್ನುತ್ತಾರೆ. ನಮ್ಮ ಹಿರಿಯನೊಬ್ಬ ಸುಂಕದ ಅಧಿಕಾರಿಯಾಗಿ ಈ ದ್ವೀಪಕ್ಕೆ ಬಂದದ್ದು ಕಳ್ಳಭಟ್ಟಿ ಹಿಡಿಯಲು. ಹಿಡಿದದ್ದೆಷ್ಟೋ ತಿಳಿಯದು, ಕಳ್ಳಭಟ್ಟಿಯವರ ಮಗಳನ್ನೇ ಮದುವೆಯಾಗಿ ಇಲ್ಲೇ ಉಳಿದ. ಅವನ ಕಾಟ ತಾಳಲಾರದೆ ಅವಳ ಅಣ್ಣಂದಿರು ಪರವಾನಗಿ ಪಡೆದು, ಕಡಲಂಚಿನ ಗುಹೆಯಲ್ಲಿದ್ದ ಭಟ್ಟಿಯನ್ನು ಬಯಲಿಗೆ ತಂದರು. ಹಾಗೆ ನೋಡಿದರೆ ರೂವಾನ್ ಹುಟ್ಟಿದ್ದೇ ನಮ್ಮವನಿಂದ. ಇದನ್ನು ಇಲ್ಲಿ ಯಾರೂ ಒಪ್ಪುವುದಿಲ್ಲ.

ನಮ್ಮ ಮನೆಯಿಂದ ಭಟ್ಟಿಯ ಕೆಲಸಕ್ಕೆ ಸೇರಿದವರಲ್ಲಿ ನಾನೇ ಮೊದಲು. ನನ್ನನ್ನು ಕಾಯಂ ಮಾಡಬೇಕೋ ಬೇಡವೋ ಎಂದು ಉಗ್ರಾಣದ ಮುಖ್ಯಸ್ಥ ಟಾರ್ಕ್ವಿಲ್ ಆ ವಾರ ಹೇಳಬೇಕಿತ್ತು.

"ಯೋಚನೆ ಮಾಡಿದ್ರಾ?" ಎಂದು ಕೇಳಿದೆ.

"ಮಾಡ್ತಿದೀನಿ ತಾಯಿ. ನೀನು ಬಂದಾಗಿಂದ ಪೀಪಾಯಿಗಳು ಹೆದರಿ ಉಸಿರು ಬಿಗಿಹಿಡಿದಿವೆ. ಉಸಿರಾಡದಿದ್ರೆ ಉಪ್ಪುಗಾಳಿ ಒಳಗೆ ಹೋಗಿ ವಿಸ್ಕಿಗೆ ರುಚಿ ಬರೋದು ಹೇಗೆ?"

"ವಿಸ್ಕಿ ಸಪ್ಪೆಯಾದ್ರೆ ಇವಳ ಹೆಸರು ಹೇಳೋಣ ಬಿಡು," ಎಂದ ಅವನ ಜೊತೆಗಾರ ಡೂಗಿ.

ಇಬ್ಬರಿಗೂ ಆಗಾಗ ಒಂದು ಕಾಲು ಮಡಚಲು ಬರುತ್ತಿರಲಿಲ್ಲ. ಪ್ಯಾಂಟಿನೊಳಗೆ ತಾಮ್ರದ ಕೊಳವೆ, ಅದರ ತುಂಬ ಪೀಪಾಯಿಯಿಂದ ಕದ್ದ ವಿಸ್ಕಿ. ಅದಕ್ಕೆ ಇಲ್ಲಿಯ ಹೆಸರು ನಾಯಿ. ಒಡೆಯನ ಕಾಲು ಬಿಟ್ಟು ಹೋಗುವುದಿಲ್ಲ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ. ನನಗೆ ಗೊತ್ತಾಗದಂತೆ ಅವರು ಬಹಳ ಎಚ್ಚರ ವಹಿಸುತ್ತಿದ್ದರು. ನಾನೂ ಗೊತ್ತಿಲ್ಲದವಳಂತೆ ಇದ್ದೆ.

ಗುರುವಾರ ಎಡಿನ್‌ಬರೋದಿಂದ ಕಂಪನಿಯ ತನಿಖೆಯವನು ಹೇಳದೆ ಕೇಳದೆ ಬಂದ. ಬಾಗಿಲಲ್ಲಿ ನಿಂತು ಗಂಡಸರ ಮೈ ತಡವಿ ಹೊರಗೆ ಬಿಡತೊಡಗಿದ. ಒಳಗೆ, ಅಂದು ಕಾಲು ಮಡಚಲಾಗದೆ ನಿಂತಿದ್ದ ಟಾರ್ಕ್ವಿಲ್‌ನ ಮುಖ ಬಿಳುಚಿಕೊಂಡಿತ್ತು. ಹೆಂಗಸಿನ ಮೈ ತನಿಖೆಯವನು ಮುಟ್ಟಲಾರ. ಪೀಪಾಯಿಗಳ ಹಿಂದೆ ನಿಂತು ಸುಮ್ಮನೆ ಕೈಚಾಚಿದೆ. ಟಾರ್ಕ್ವಿಲ್ ನನ್ನ ಮುಖ ನೋಡಿದ, ಬಾಗಿಲು ನೋಡಿದ, ಕೊನೆಗೆ ಕೊಳವೆ ಕೊಟ್ಟ.

ಅದನ್ನು ಪ್ಯಾಂಟಿನೊಳಗೆ ಇಳಿಸಿಕೊಂಡು ಹೊರಟೆ. ಬಿರಡೆ ಸಡಿಲವಾಗಿತ್ತು. ಹೊಗೆ, ಕಡಲಪಾಚಿ ಎಲ್ಲ ಸೇರಿದ ವಾಸನೆಯ ವಿಸ್ಕಿ ಕಾಲಿನಗುಂಟ ಕಾಲುಚೀಲಕ್ಕೆ ಇಳಿಯಿತು.

"ಕಾಲಿಗೆ ಏನಾಯ್ತು?" ಎಂದ ತನಿಖೆಯವನು.

"ಥಂಡಿ ಸರ್. ಈ ಉಗ್ರಾಣದಲ್ಲಿ ಎಲ್ಲರಿಗೂ ಹೀಗೇ."

ಅವನು ಅಯ್ಯೋ ಪಾಪ ಎನ್ನುವಂತೆ ನೋಡಿ ದಾರಿ ಬಿಟ್ಟ.

ಕಡಲಗೋಡೆಯ ಮರೆಯಲ್ಲಿ ಕೊಳವೆ ಮರಳಿಸಿದೆ. ಡೂಗಿ ಅಲುಗಾಡಿಸಿ ನೋಡಿದ. "ಅರ್ಧ ಖಾಲಿ. ಸುಂಕ ಮುರ್ಕೊಂಡೇ ಕೊಟ್ಟಿದಾಳೆ."

"ಮುರ್ಕೊಳ್ಳಲಿ," ಎಂದ ಟಾರ್ಕ್ವಿಲ್. "ಸೋಮವಾರದಿಂದ ನೀನು ಕಾಯಂ. ಅಲ್ಲಾ ಮಾರಾಯ್ತಿ, ನನ್ನ ಹತ್ರ ನಾಯಿ ಇದೆ ಅಂತ ನಿಂಗೆ ಯಾವಾಗ ಗೊತ್ತಾಯ್ತು?"

"ಕೆಲಸಕ್ಕೆ ಬಂದ ದಿನಾನೇ."

ಟಾರ್ಕ್ವಿಲ್ ಬಿರಡೆ ತೆಗೆದು, ಕೊಳವೆಯನ್ನು ಮೊದಲು ನನ್ನ ಕಡೆ ಚಾಚಿದ.