ನಡುಗೋಡೆಯ ಬಾಗಿಲು

"ಇಟ್ಟಿಗೆ ಒಳಗೆ ಬಂದ್ರೆ ನಾನು ಹೊರಗೆ ಹೋಗ್ತೀನಿ, ನೋಡ್ಕೊಳ್ಳಿ!" ಎಂದು ಅವಳು ಹೊಸ್ತಿಲ ಮೇಲೆ ಕೈ ಅಡ್ಡ ಹಿಡಿದು ನಿಂತಳು.

ಮೇಸ್ತ್ರಿ ತಲೆಯ ಮೇಲಿನ ಇಟ್ಟಿಗೆಯನ್ನು ಇಳಿಸಲೋ ಬೇಡವೋ ಎಂದು ತಿಳಿಯದೆ ಸಂಘದ ಕಾರ್ಯದರ್ಶಿಯ ಮುಖ ನೋಡಿದ. ಕಾರ್ಯದರ್ಶಿಗೆ ಮೂರು ಮಹಡಿ ಹತ್ತಿ ಏದುಸಿರು. ಕಟ್ಟಡಕ್ಕೆ ಲಿಫ್ಟ್ ಬೇಕೆಂದು ಪ್ರತಿ ಸಭೆಯಲ್ಲೂ ಮಾತು ಏಳುತ್ತಿತ್ತು, ನೆಲಮಹಡಿಯವರು ತಮಗೇಕೆ ಆ ಖರ್ಚು ಎಂದು ಪ್ರತಿ ಸಭೆಯಲ್ಲೂ ಅದನ್ನು ಕೂರಿಸುತ್ತಿದ್ದರು.

"ಭಾನುವಾರ ಸಭೆ ಇದೆ ಅಮ್ಮಾ. ಅಷ್ಟರಲ್ಲಿ ಗೋಡೆ ಮೊದಲಿದ್ದ ಹಾಗೆ ಆಗದಿದ್ರೆ ಸಂಘ ಪಕ್ಕದ ಮನೆ ಮಾರಾಟಕ್ಕೆ ಒಪ್ಪಿಗೆ ಕೊಡಕ್ಕಾಗಲ್ಲ. ಕೊಳ್ಳೋರು ಬೇರೆ ಮನೆ ನೋಡ್ಕೋತೀವಿ ಅಂತಿದ್ದಾರೆ."

"ನೋಡ್ಕೊಳ್ಳಲಿ. ಬೇಡ ಅಂದೋರ್ಯಾರು?"

"ಗೋಡೆಯಲ್ಲಿ ಅರ್ಧ ನಿಮ್ದು. ನೀವು ಹೂಂ ಅನ್ನದೆ ಒಂದು ಇಟ್ಟಿಗೆ ಇಡೋ ಹಾಗಿಲ್ಲ. ನಿಮ್ಮ ಅಕ್ಕನ ಮುಖ ನೋಡಿಯಾದ್ರೂ..."

"ಅಕ್ಕನ ಮುಖ ನೋಡ್ಕೊಂಡೇ ಇಪ್ಪತ್ತು ವರ್ಷ ಬಾಳಿದೀನಿ. ನೀವೇನು ನಂಗೆ ಹೇಳ್ಕೊಡೋದು?"

ಬಾಗಿಲು ದಡಾರನೆ ಮುಚ್ಚಿತು. ಕಾರ್ಯದರ್ಶಿ ಮೆಟ್ಟಿಲಿಳಿಯುತ್ತ ಗೊಣಗಿದ್ದು ಒಳಗಿನವರೆಗೂ ಕೇಳಿಸಿತು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಓರಗಿತ್ತಿ. ಕಟ್ಟಡ ಹೊಸದಾಗಿದ್ದಾಗ ಅಣ್ಣತಮ್ಮಂದಿರಿಬ್ಬರೂ ಅಕ್ಕಪಕ್ಕದ ಮನೆ ಕೊಂಡು, ಎರಡು ಅಡುಗೆಮನೆಗಳ ನಡುವಿನ ಗೋಡೆ ಒಡೆದು ಒಬ್ಬರು ನುಸುಳುವಷ್ಟು ದಾರಿ ಮಾಡಿದ್ದರು. ಅದಕ್ಕೆ ಬಾಗಿಲಿನ ಹಲಗೆಯೂ ಇರಲಿಲ್ಲ, ಒಂದು ಪರದೆ ಮಾತ್ರ. ಎರಡು ಜಡೆ ಒಂದೆಡೆ ಸೇರುವುದುಂಟೇ ಎಂದು ಕಟ್ಟಡದವರೆಲ್ಲ ಜಗಳಕ್ಕಾಗಿ ಕಾದರು. ಕಾದವರ ಜಡೆ ನರೆಯಿತು, ಜಗಳ ಬರಲಿಲ್ಲ. ಗೋಡೆಗೆ ಕಿವಿ ಇರುತ್ತದೆ ಎನ್ನುತ್ತಾರಲ್ಲ, ಈ ಗೋಡೆಗೆ ಬಾಯಿಯೇ ಇತ್ತು. ಬೆಳಗಾಗುತ್ತಲೇ "ಪುಟ್ಟೀ, ಹಾಲು ಉಕ್ತಾ ಇದೆ ನೋಡೇ" ಎಂದು ಆಚೆಯಿಂದ ಕೂಗು ಬರುತ್ತಿತ್ತು. ಐವತ್ತು ದಾಟಿದವಳನ್ನು ಪುಟ್ಟಿ ಎಂದು ಕರೆಯುವವರು ಲೋಕದಲ್ಲಿ ಅಕ್ಕ ಒಬ್ಬಳೇ ಉಳಿದಿದ್ದಳು.

ಭಾವ ತೀರಿಹೋದ ಮೇಲಂತೂ ಪುಟ್ಟಿಯ ಒಂದು ಕಾಲು ಆಚೆಯೇ. ಬಟ್ಟೆ ಅಂಗಡಿಯ ಕೆಲಸ ಮುಗಿಸಿ ಬರುವಾಗ ಎರಡೂ ಮನೆಯ ಸಾಮಾನು ಅವಳೇ ಹೊತ್ತು ತರುತ್ತಿದ್ದಳು. "ಹೇಗೂ ಹೋಗ್ತೀಯಲ್ಲ, ನಂಗೂ ತಂದ್ಬಿಡು" ಎನ್ನುತ್ತಿದ್ದಳು ಅಕ್ಕ, ಸ್ಟೂಲಿನ ಮೇಲೆ ಕೂತು ತರಕಾರಿ ಹೆಚ್ಚುತ್ತ. "ಮಹಾರಾಣಿಯವರು ಅರಮನೆ ಬಿಟ್ಟು ಇಳಿಯಲ್ವಲ್ಲ!" ಎಂದು ಪುಟ್ಟಿ ಛೇಡಿಸಿದರೆ ಅಕ್ಕ ನಗುತ್ತಿದ್ದಳು.

ಹಾಗಿರುವಾಗ ಒಂದು ಸಂಜೆ, ಅಕ್ಕನ ಹಾಲಿನ ಪೊಟ್ಟಣ ಕೈಯಲ್ಲಿ ಹಿಡಿದು ಬರುತ್ತಿದ್ದವಳಿಗೆ ಕೆಳಗಿನ ನೋಟಿಸ್ ಬೋರ್ಡಿನಲ್ಲಿ ಅಕ್ಕನ ಮನೆ ಮಾರಾಟದ ಸುದ್ದಿ ಕಂಡಿತು. ಸದಸ್ಯರಲ್ಲಿ ಯಾರಿಗಾದರೂ ತಕರಾರಿದ್ದರೆ ತಿಳಿಸಬೇಕೆಂದು ಸಂಘದವರು ಅಂಟಿಸಿದ್ದರು. ಕಾವಲುಗಾರ ಓದಿದ್ದ, ಮೊದಲ ಮಹಡಿಯ ಹೆಂಗಸು ಓದಿದ್ದಳು, ಊರಿಗೆಲ್ಲ ಗೊತ್ತಾದ ಮೇಲೆ ಅವಳಿಗೆ ಗೊತ್ತಾಗಿತ್ತು. ನೇರ ಅಕ್ಕನ ಅಡುಗೆಮನೆಗೆ ನುಗ್ಗಿದಳು.

"ಲಿಫ್ಟ್ ಇರೋ ಮನೆ ಸಿಕ್ಕಿದೆ ಕಣೇ, ಮಗಳ ಮನೆ ಹತ್ರ," ಎಂದಳು ಅಕ್ಕ, ತಲೆ ಎತ್ತದೆ. "ನನ್ನ ಮಂಡಿ..."

"ಮಂಡಿ ನಂಗೂ ನೋಯುತ್ತೆ! ಯಾರಿಗೆ ನೋಯಲ್ಲ? ನಾನೇನು ಮನೆ ಮಾರ್ಕೊಂಡು ಹೋಗ್ತಿದೀನಾ?"

"ನಿಂಗೆ ಹೇಳೋಣ ಅಂತ ದಿನಾ ಬಾಯಿ ತೆರೀತಿದ್ದೆ ಪುಟ್ಟಿ. ಆಗ್ತಿರಲಿಲ್ಲ."

"ಬೋರ್ಡಿಗೆ ಹೇಳಕ್ಕೆ ಆಯ್ತಲ್ಲ?"

ಅಂದೇ ಅವಳು ಫ್ರಿಡ್ಜನ್ನು ದೂಡಿಕೊಂಡು ಬಂದು ದಾರಿಗೆ ಅಡ್ಡ ನಿಲ್ಲಿಸಿದಳು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

ಮೇಸ್ತ್ರಿ ವಾಪಸು ಹೋದ ಸಂಜೆ ಗಂಡ ಮೆಲ್ಲಗೆ, "ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲ ಕಣೇ," ಎಂದ.

"ನೀವು ನಿಮ್ಮ ಅತ್ತಿಗೆ ಕಡೆ ಮಾತಾಡೋದಾದ್ರೆ ಊಟಾನೂ ಅಲ್ಲೇ ಮಾಡಿ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳ ಜೊತೆ ಇಷ್ಟು ವರ್ಷ ಬಾಳಿದ ಮನುಷ್ಯ. ತಟ್ಟೆ ಎಳೆದುಕೊಂಡ. ಆದರೆ ಸಿಟ್ಟಿನ ಕೆಳಗೆ ಇದ್ದದ್ದು ಹೆದರಿಕೆ ಎಂಬುದು ಅವಳಿಗೇ ಗೊತ್ತಿತ್ತು. ಅಕ್ಕ ಹೋದರೆ ಆ ಕಡೆಯ ಒಲೆಯ ಮುಂದೆ ಯಾರೋ ಗುರುತಿಲ್ಲದವರು ನಿಂತಿರುತ್ತಾರೆ. ತನ್ನನ್ನು ಕರೆಯುವವರೇ ಇರುವುದಿಲ್ಲ.

ಮಾರನೆಯ ದಿನ ಅವಳು ಅಂಗಡಿಗೆ ರಜೆ ಹಾಕಿದಳು. ತಾನಿಲ್ಲದ ಹೊತ್ತು ನೋಡಿ ಗಂಡನನ್ನು ಪುಸಲಾಯಿಸಿ ಗೋಡೆ ಎಬ್ಬಿಸಿಬಿಟ್ಟಾರು ಎಂಬ ಅನುಮಾನ. ಗಂಡಸರೆಲ್ಲ ಕೆಲಸಕ್ಕೆ ಹೋಗಿ ಕಟ್ಟಡ ತಣ್ಣಗಾದ ಮೇಲೆ ತಾರಸಿಗೆ ಹೋಗಿ ಬಟ್ಟೆ ಒಣಹಾಕಿ ಖಾಲಿ ಬಕೆಟ್ಟು ಹಿಡಿದು ಇಳಿಯುತ್ತಿದ್ದಳು. ಕೆಳಗೆ ಮೆಟ್ಟಿಲಿನ ಮೇಲೆ ಏನೋ ಸರಿದ ಸದ್ದಾಯಿತು. ಕಂಬಿಯ ಮೇಲಿಂದ ಬಗ್ಗಿ ನೋಡಿದಳು.

ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ಸುಸ್ತಾಗಿ ಕೂತದ್ದಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು, ಚಪ್ಪಲಿಗಳನ್ನು ಸಾಮಾನು ತರುವ ಕೈಚೀಲಕ್ಕೆ ತುರುಕಿ, ಎರಡೂ ಅಂಗೈ ಊರಿ, ಕೂತಲ್ಲಿಂದಲೇ ಮೈಯನ್ನು ಮುಂದಿನ ಮೆಟ್ಟಿಲಿಗೆ ಇಳಿಸುತ್ತಿದ್ದಳು, ನಡೆಯಲು ಬಾರದ ಮಗುವಿನ ಹಾಗೆ. ಇಳಿಸಿ ಕಣ್ಣು ಮುಚ್ಚಿ ತುಟಿ ಕಚ್ಚುತ್ತಿದ್ದಳು. ಮತ್ತೆ ಅಂಗೈ ಊರುತ್ತಿದ್ದಳು. ಎರಡನೇ ಮಹಡಿಯಲ್ಲಿ ಯಾರದೋ ಚಿಲಕ ಸದ್ದು ಮಾಡಿದ ಕೂಡಲೇ ಸೆರಗು ಬಿಡಿಸಿ, ಕೂದಲು ಸರಿಮಾಡಿಕೊಂಡು, ಗಾಳಿಗೆ ಕೂತವಳಂತೆ ನಕ್ಕಳು.

"ಏನಮ್ಮಾ, ಇಲ್ಲಿ ಕೂತ್ಬಿಟ್ರಿ?" ಎಂದಳು ಹೊರಬಂದ ಹೆಂಗಸು.

"ಇಲ್ಲಿ ತಂಪಾಗಿದೆ ಅಲ್ವಾ, ಅದಕ್ಕೆ."

ಆ ಹೆಂಗಸು ಕೆಳಗಿಳಿದು ಹೋಗುವ ತನಕ ಅಕ್ಕ ನಗುತ್ತಲೇ ಇದ್ದಳು. ಆಮೇಲೆ ಮತ್ತೆ ಸೆರಗು ಬಿಗಿದಳು.

ಪುಟ್ಟಿಗೆ ಬಕೆಟ್ಟು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಕೂಗಿದರೆ ಅಕ್ಕನ ಮಾನ ಹೋದೀತು, ಕೂಗದಿದ್ದರೆ ತನ್ನ ಎದೆ ಒಡೆದೀತು. ಇಪ್ಪತ್ತು ವರ್ಷ ದಿನಾ ಕಂಡ ಮುಖ. ಆದರೆ ಕಂಡದ್ದೆಲ್ಲ ಒಳದಾರಿಯಿಂದ, ಸ್ಟೂಲಿನ ಮೇಲೆ ಕೂತಾಗ. ಅಕ್ಕ ಮೆಟ್ಟಿಲಿಳಿಯುವುದನ್ನು ತಾನು ಕೊನೆಗೆ ನೋಡಿದ್ದು ಯಾವಾಗ ಎಂದು ಯೋಚಿಸಿದಳು. ನೆನಪಾಗಲಿಲ್ಲ. ಮಹಾರಾಣಿ ಅಂದೆನಲ್ಲ, ಥೂ ನನ್ನ ನಾಲಿಗೆಗೆ ಬೆಂಕಿ ಹಾಕ, ಎಂದು ತನ್ನನ್ನೇ ಶಪಿಸಿಕೊಂಡಳು. 

ಮನೆಗೆ ಬಂದವಳೇ ಫ್ರಿಡ್ಜಿಗೆ ಹೆಗಲು ಕೊಟ್ಟು ಪಕ್ಕಕ್ಕೆ ಸರಿಸಿದಳು. ಪರದೆ ಎತ್ತಿದರೆ ಆಚೆ ಖಾಲಿ ಅಡುಗೆಮನೆ. ಕಟ್ಟೆಯ ಅಂಚಿನ ಬಣ್ಣ ಕೈ ಊರಿ ಊರಿ ಮಾಸಿ ಹೋಗಿತ್ತು. ಒಳಗೆ ಕಾಲಿಡಲು ಮನಸ್ಸು ಬರಲಿಲ್ಲ. ಪರದೆಯನ್ನು ಕಳಚಿ ಮಡಚಿಟ್ಟು, ಕಾರ್ಯದರ್ಶಿಗೆ ಫೋನು ಮಾಡಿದಳು.

"ಮೇಸ್ತ್ರಿನ ಕಳಿಸಿ."

"ನಿಜವಾಗ್ಲೂನಾ ಅಮ್ಮಾ?"

"ಮತ್ತೆ ಮತ್ತೆ ಕೇಳ್ಬೇಡಿ. ಕಳಿಸಿ ಅಂದ್ನಲ್ಲ."

ಮೇಸ್ತ್ರಿ ಬಂದ. ಅವಳೇ ನೀರು ತಂದುಕೊಟ್ಟಳು, ಇಟ್ಟಿಗೆ ಎತ್ತಿಕೊಟ್ಟಳು. "ನಿನ್ನೆ ಬೈದ್ರಿ, ಇವತ್ತು ಕೂಲಿಗೆ ಬಂದ್ರಿ," ಎಂದು ಅವನು ನಗೆಯಾಡಿದ. ಅವಳು ನಗಲಿಲ್ಲ. ಆಚೆಯ ಒಲೆ ಕಾಣದಾಯಿತು, ಕಪಾಟು ಕಾಣದಾಯಿತು, ಕೊನೆಗೆ ಬಲ್ಬು. ಈ ಬದಿಗೆ ಗಾರೆ ಬಳಿದು ಮುಗಿಸಿ, ಆ ಬದಿಗೆ ಬಳಿಯಲು ಅವನು ಹೊರಗಿನಿಂದ ಸುತ್ತಿ ಹೋದ. ಕೆಲಸ ಮುಗಿಸಿ ಸಾಮಾನು ಒಯ್ಯಲು ಬಂದಾಗ ಬಾಗಿಲಲ್ಲೇ ನಿಂತ.

"ಆ ಅಮ್ಮ ಬಂದಿದ್ದಾರೆ. ನಂಗೆ ಬಾಗಿಲು ತೆಗೆದು ಗೋಡೆ ಎದುರಿಗೆ ಕುರ್ಚಿ ಹಾಕ್ಕೊಂಡು ಕೂತ್ಬಿಟ್ರು. ಗಾರೆ ಒಣಗೋ ತನಕ ಹೀಗೇ ಕೂತಿರ್ತಾರೋ ಏನೋ."

ಅವಳು ಕೈಯಲ್ಲಿ ಗಾರೆ ಇದ್ದ ಹಾಗೆಯೇ ಹೊರಗೆ ಬಂದಳು. ಪಕ್ಕದ ಬಾಗಿಲು ನಾಲ್ಕು ಹೆಜ್ಜೆಯಾಚೆ. ಆ ಬಾಗಿಲಿನ ಎದುರು ಅವಳು ಎಂದೂ ನಿಂತವಳಲ್ಲ. ಗಂಟೆ ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯದು. ಹುಡುಕಿ ಒತ್ತಿದಳು.

"ಯಾರು?" ಒಳಗಿನಿಂದ ಅಕ್ಕನ ದನಿ.

ಅವಳು ಗಾರೆಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಯಾರದು?"

ಒಳಗೆ ಕುರ್ಚಿ ಜರುಗಿತು. ಕೈ ಯಾವುದನ್ನೋ ಆಸರೆ ಹಿಡಿಯಿತು. ಒಂದು ಹೆಜ್ಜೆ, ಬಹಳ ಹೊತ್ತಿನ ಮೇಲೆ ಇನ್ನೊಂದು. ಕುರ್ಚಿಯಿಂದ ಬಾಗಿಲಿಗೆ ಅಕ್ಕನಿಗೆ ಇಷ್ಟು ದೂರವೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ನಾನು ಅಕ್ಕಾ, ಪುಟ್ಟಿ," ಎಂದಳು ಬಾಗಿಲಿಗೆ ಬಾಯಿ ಹಚ್ಚಿ. "ಅವಸರ ಇಲ್ಲ. ನಿಧಾನಕ್ಕೆ ಬಾ. ನಾನು ಇಲ್ಲೇ ಇರ್ತೀನಿ."

ಹೆಜ್ಜೆ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ, ಗೋಡೆ ಹಿಡಿದುಕೊಂಡು ಬರುವ ಸದ್ದು ಮತ್ತೆ ಶುರುವಾಯಿತು.